ಕೊಕ್ಕರೆಯ ಹಿಂದಿನ ಕರೆಂಟು ಕಂಬ

ಫೋಟೊದಲ್ಲಿ ಬೇಡವೆನಿಸಿದ್ದನ್ನು ಅಳಿಸುವುದು ಈಗ ಬೆರಳ ತುದಿಯ ಕೆಲಸ. ಯಾವುದು ಬೇಡ, ಯಾರಿಗೆ ಬೇಡ ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿದಿದೆ. ಮದ್ದೂರು ಸೀಮೆಯ ಹಕ್ಕಿಗಳ ಹಳ್ಳಿಯೊಂದು ಆ ಪ್ರಶ್ನೆಯ ಉತ್ತರಕ್ಕೆ ದಾರಿ ತೋರಿಸುತ್ತದೆ.

ಮದ್ದೂರು ತಾಲ್ಲೂಕಿನ ಕೊಪ್ಪದಂಥ ಹೋಬಳಿ ಕೇಂದ್ರದಲ್ಲಿ ಫೋಟೊ ಸ್ಟುಡಿಯೊ ನಡೆಸುವವರಿಗೆ ಮದುವೆ, ನಾಮಕರಣ, ಗೃಹಪ್ರವೇಶಗಳಷ್ಟೇ ಕಾಯಂ ಆದ ಇನ್ನೊಂದು ಕೆಲಸವಿದೆ. ತೀರಿಕೊಂಡವರ ಫೋಟೊ ಮಾಡಿಕೊಡುವುದು. ಹಳ್ಳಿಯ ಹಿರಿಯರಲ್ಲಿ ಅನೇಕರು ತಾವೊಬ್ಬರೇ ಕೂತು ಒಂದು ಫೋಟೊ ತೆಗೆಸಿಕೊಂಡಿರುವುದಿಲ್ಲ. ತಿಥಿ ಕಾರ್ಡಿಗೆ, ಊರ ಬಾಗಿಲಲ್ಲಿ ಕಟ್ಟುವ ಫ್ಲೆಕ್ಸಿಗೆ, ಆಮೇಲೆ ಹಾರ ಹಾಕಿ ನಡುಮನೆಯ ಗೋಡೆಗೆ ನೇತುಹಾಕುವ ಪಟಕ್ಕೆ ಮುಖವೊಂದು ಬೇಕು. ಮನೆಯವರು ಮೊಮ್ಮಗಳ ಮದುವೆಯ ಗ್ರೂಪ್ ಫೋಟೊ ತರುತ್ತಾರೆ. ಎರಡನೇ ಸಾಲಿನ ಮೂಲೆಯಲ್ಲಿ ನಿಂತಿರುವ ಅಜ್ಜನನ್ನು ಬೊಟ್ಟು ಮಾಡಿ ತೋರಿಸುತ್ತಾರೆ. ಅಲ್ಲಿಂದ ಸ್ಟುಡಿಯೊದವರ ಕೆಲಸ ಶುರು. ಅಕ್ಕಪಕ್ಕದವರ ಭುಜಗಳನ್ನು ಕತ್ತರಿಸಬೇಕು, ಹಿಂದಿನ ಶಾಮಿಯಾನ ಅಳಿಸಬೇಕು, ಮುಂದೆ ನಿಂತ ಮಗುವಿನ ತಲೆ ಅಜ್ಜನ ಎದೆಗೆ ಅಡ್ಡ ಬಂದಿದ್ದರೆ ಅದನ್ನು ತೆಗೆದು ಆ ಜಾಗಕ್ಕೆ ಅಂಗಿ ಹೊಲಿಯಬೇಕು. ಕೊನೆಗೆ ತಿಳಿನೀಲಿ ಬ್ಯಾಕ್‌ಗ್ರೌಂಡಿನ ಮುಂದೆ, ಬಿಳಿ ಅಂಗಿ ತೊಟ್ಟು, ಹೆಗಲ ಮೇಲೆ ಟವೆಲ್ ಹಾಕಿಕೊಂಡ ಹಿರಿಯರು ಪಟದಲ್ಲಿ ಬಂದು ನಿಲ್ಲುತ್ತಾರೆ. ಅವರು ಬದುಕಿದ್ದಾಗ ಅಂಥ ನೀಲಿ ಗೋಡೆಯ ಮುಂದೆ ಎಂದೂ ನಿಂತಿರಲಿಲ್ಲ.

ಈ ಪಟದಿಂದ ಯಾರಿಗೂ ಮೋಸವಾಗುವುದಿಲ್ಲ. ನೋಡುವ ಪ್ರತಿಯೊಬ್ಬರಿಗೂ ಅದು ಮಾಡಿಸಿದ ಪಟವೆಂದು ಗೊತ್ತು. ಅದು ಹೇಳುವುದು ಒಂದೇ ಮಾತು: ನಮ್ಮ ಹಿರಿಯರನ್ನು ನಾವು ಹೀಗೆ ನೆನೆಯಲು ಬಯಸುತ್ತೇವೆ. ಆ ಮಾತು ನೂರಕ್ಕೆ ನೂರು ನಿಜ. ಫೋಟೊದಿಂದ ವಸ್ತುಗಳನ್ನು, ಮನುಷ್ಯರನ್ನು ಅಳಿಸುವ ವಿದ್ಯೆಯ ಬಗ್ಗೆ ಮಾತಾಡುವಾಗ ಮೊದಲು ಇದನ್ನು ಒಪ್ಪಿಕೊಳ್ಳಬೇಕು. ಅಳಿಸುವುದೆಲ್ಲ ಸುಳ್ಳಲ್ಲ, ಅಳಿಸುವವರೆಲ್ಲ ವಂಚಕರಲ್ಲ. ಆದರೆ ಅದೇ ಕಂಪ್ಯೂಟರಿನಲ್ಲಿ, ಅದೇ ಬ್ರಷ್ಷಿನಿಂದ, ಅದೇ ಕೈ ಇನ್ನೊಂದು ಬಗೆಯ ಫೋಟೊದ ಮೇಲೂ ಆಡುತ್ತದೆ. ಆ ಫೋಟೊ ನೆನಪಿನ ಮಾತು ಆಡುತ್ತಿರುವುದಿಲ್ಲ. ಇಂಥ ದಿನ, ಇಂಥ ಜಾಗದಲ್ಲಿ, ಹೀಗಿತ್ತು ಎಂದು ಹೇಳುತ್ತಿರುತ್ತದೆ. ಅಂಥ ಫೋಟೊ ಒಂದು ಮಹಜರು ಇದ್ದಂತೆ. ಮಹಜರು ಬರೆದ ಮೇಲೆ ಅದರಲ್ಲಿ ಒಂದು ಸಾಲು ಅಂದಗೆಟ್ಟಿದೆ ಎಂದು ಹೊಡೆದುಹಾಕುವ ಅಧಿಕಾರ ಬರೆದವರಿಗೂ ಇರುವುದಿಲ್ಲ. ಸಾಕ್ಷಿ ಹೇಳುವ ಚಿತ್ರದಲ್ಲಿ ನಮಗೆ ಬೇಡವೆನಿಸುವ ವಸ್ತು, ಬಹಳ ಸಲ, ಆ ಚಿತ್ರ ಹೇಳಬೇಕಾದ ಮುಖ್ಯ ವಿಷಯವೇ ಆಗಿರುತ್ತದೆ. ಇದೇ ನನ್ನ ವಾದ. ಇದನ್ನು ತೋರಿಸಲು ದೂರ ಹೋಗಬೇಕಿಲ್ಲ. ಕೊಪ್ಪ ಇರುವ ತಾಲ್ಲೂಕಿನಲ್ಲೇ ಕೊಕ್ಕರೆ ಬೆಳ್ಳೂರು ಇದೆ.

ಹಕ್ಕಿಯೂ ಹಳ್ಳಿಯೂ

ಬೆಂಗಳೂರು–ಮೈಸೂರು ಹೆದ್ದಾರಿಯಿಂದ ಒಳಗೆ ತಿರುಗಿದರೆ ಸಿಗುವ ಈ ಊರಿಗೆ ಪ್ರತಿವರ್ಷ ಹೆಜ್ಜಾರ್ಲೆಗಳು, ಬಣ್ಣದ ಕೊಕ್ಕರೆಗಳು ಬಂದು ಗೂಡು ಕಟ್ಟುತ್ತವೆ. ಅವು ಆರಿಸಿಕೊಂಡಿರುವ ಮರಗಳು ಕಾಡಿನಲ್ಲಿಲ್ಲ. ಮನೆಗಳ ಹಿತ್ತಲಲ್ಲಿ, ಬೀದಿಯ ಬದಿಯಲ್ಲಿ, ಕೊಟ್ಟಿಗೆಯ ಪಕ್ಕದಲ್ಲಿರುವ ಹುಣಸೆ, ಆಲ, ಅರಳಿ ಮರಗಳಲ್ಲೇ ಅವುಗಳ ಸಂಸಾರ. ಹೆಂಚಿನ ಸೂರಿನ ಮೇಲೆ ಚಾಚಿದ ಕೊಂಬೆಯಲ್ಲಿ ಮರಿಗಳು ಬಾಯ್ತೆರೆದು ಕೂತಿರುತ್ತವೆ, ಕೆಳಗೆ ದನ ಕಟ್ಟಿರುತ್ತಾರೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಇಲ್ಲಿನ ಹೆಜ್ಜಾರ್ಲೆಗಳ ಸಂತಾನಾಭಿವೃದ್ಧಿಯನ್ನು ಗುರುತಿಸಿ ಹೊರಜಗತ್ತಿಗೆ ತಿಳಿಸಿದರು. ಊರಿನವರಿಗೆ ಅದು ಹೊಸ ಸಂಗತಿಯಾಗಿರಲಿಲ್ಲ. ಹಕ್ಕಿಗಳು ಬಾಣಂತನಕ್ಕೆ ತವರಿಗೆ ಬರುವ ಹೆಣ್ಣುಮಕ್ಕಳು ಎಂಬುದು ಅಲ್ಲಿನವರ ಹಳೆಯ ನಂಬಿಕೆ. ಹಿಂದೆ ಊರು ಶಿಂಷಾ ನದಿಯ ದಡಕ್ಕೆ ಹತ್ತಿರವಿತ್ತೆಂದೂ, ಪ್ಲೇಗಿನ ಕಾಲದಲ್ಲಿ ಜನ ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಅವರ ಹಿಂದೆಯೇ ಬಂದವೆಂದೂ ಊರ ಹಿರಿಯರು ಹೇಳಿಕೊಂಡು ಬಂದಿದ್ದಾರೆ.

ನಂಬಿಕೆಯ ಜೊತೆಗೆ ಲೆಕ್ಕಾಚಾರವೂ ಇದೆ. ಗೂಡುಕಟ್ಟಿದ ಹುಣಸೆಮರದಿಂದ ಹಣ್ಣು ಉದುರಿಸಿದರೆ ಮರಿಗಳು ಉಳಿಯುವುದಿಲ್ಲ. ಹಣ್ಣನ್ನು ಬಿಟ್ಟುಕೊಟ್ಟ ಮರದ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಬಂತು. ಮರದ ಬುಡದಲ್ಲಿ ಬೀಳುವ ಹಿಕ್ಕೆಯನ್ನು ರೈತರು ಗೊಬ್ಬರವಾಗಿ ಹೊಲಕ್ಕೆ ಹಾಕುತ್ತಾರೆ. 1990ರ ದಶಕದಲ್ಲಿ ಮೈಸೂರಿನ ಹವ್ಯಾಸಿ ನಿಸರ್ಗಾಸಕ್ತರ ತಂಡ ಊರಿನ ಯುವಕರ ಜೊತೆ ಕೈಜೋಡಿಸಿದ ಮೇಲೆ ‘ಹೆಜ್ಜಾರ್ಲೆ ಬಳಗ’ ಹುಟ್ಟಿತು. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ತಂದು, ಮೀನು ತಿನ್ನಿಸಿ, ಹಾರುವಷ್ಟು ಬೆಳೆಸಿ ಬಿಡುವ ಕೆಲಸವನ್ನು ಬಳಗ ಮಾಡಿತು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿ ಖಾಸಗಿ ಮತ್ತು ಸಮುದಾಯದ ಜಮೀನಿನಲ್ಲೂ ಸಂರಕ್ಷಣೆಗೆ ಜಾಗ ಮಾಡಿಕೊಟ್ಟಿತು. ಅದರಡಿ 2007ರಲ್ಲಿ ಕೊಕ್ಕರೆ ಬೆಳ್ಳೂರು ಸಮುದಾಯ ಮೀಸಲು ಪ್ರದೇಶವಾಯಿತು. ಜನರನ್ನು ಎಬ್ಬಿಸಿ ಬೇಲಿ ಹಾಕಿ ಹಕ್ಕಿ ಉಳಿಸಿದ ಜಾಗವಲ್ಲ ಇದು. ಜನ ಇರುವುದರಿಂದಲೇ ಹಕ್ಕಿ ಉಳಿದ ಜಾಗ.

ಈಗ ಇಲ್ಲಿ ತೆಗೆಯುವ ಫೋಟೊಗಳನ್ನು ನೆನೆಸಿಕೊಳ್ಳಿ. ಹಕ್ಕಿ ಬರುವ ತಿಂಗಳುಗಳಲ್ಲಿ ಬೆಂಗಳೂರು, ಮೈಸೂರುಗಳಿಂದ ಉದ್ದ ಲೆನ್ಸು ಹೊತ್ತ ಛಾಯಾಗ್ರಾಹಕರು ಬರುತ್ತಾರೆ. ಅವರ ಫ್ರೇಮಿನಲ್ಲಿ ಕೊಕ್ಕರೆಯ ರೆಕ್ಕೆಯ ಗುಲಾಬಿ ಬಣ್ಣ ಚೆನ್ನಾಗಿ ಬಂದಿರುತ್ತದೆ. ಹಿಂದೆ ಕರೆಂಟು ಕಂಬ ನಿಂತಿರುತ್ತದೆ. ವೈರು ಆಕಾಶವನ್ನು ಎರಡಾಗಿ ಸೀಳಿರುತ್ತದೆ. ಕೊಂಬೆಯ ಸಂದಿಯಲ್ಲಿ ಸಿಂಟೆಕ್ಸ್ ಟ್ಯಾಂಕಿನ ಕರಿಮೈ, ಡಿಶ್ ಆಂಟೆನಾ, ಒಣಹಾಕಿದ ಸೀರೆ ಇಣುಕುತ್ತವೆ. ಇವೆಲ್ಲ ಚಿತ್ರವನ್ನು ಕೆಡಿಸುತ್ತವೆ ಎಂಬುದು ಸಾಮಾನ್ಯ ಭಾವನೆ. ಮೊಬೈಲಿನಲ್ಲೇ ಬೆರಳಾಡಿಸಿದರೆ ಎಲ್ಲ ಮಾಯ. ಉಳಿಯುವುದು ಹಕ್ಕಿ, ಕೊಂಬೆ, ಮಸುಕಾದ ಹಸಿರು. ಅದನ್ನು ನೋಡಿದವರು ಇದು ಯಾವುದೋ ದಟ್ಟ ಅಭಯಾರಣ್ಯದ ಚಿತ್ರ ಎಂದುಕೊಳ್ಳುತ್ತಾರೆ. ಒಂದು ಚಿತ್ರದಿಂದ ಆಗುವ ಹಾನಿ ಸಣ್ಣದಿರಬಹುದು. ಸಾವಿರ ಚಿತ್ರಗಳು ಹೀಗೇ ಬಂದರೆ, ಹಕ್ಕಿ ಇರುವ ಕಡೆ ಮನುಷ್ಯ ಇರಬಾರದು, ಮನುಷ್ಯ ಇರುವ ಕಡೆ ಹಕ್ಕಿ ಬದುಕಲಾರದು ಎಂಬ ತಪ್ಪು ತಿಳಿವಳಿಕೆ ಓದಿದವರ ತಲೆಯಲ್ಲೂ ಗಟ್ಟಿಯಾಗುತ್ತದೆ. ಹುಣಸೆಹಣ್ಣಿನ ಆದಾಯ ಬಿಟ್ಟುಕೊಟ್ಟವರು, ಬಿದ್ದ ಮರಿಗೆ ಮೀನು ತಿನ್ನಿಸಿದವರು, ಬೇಸಿಗೆಯಿಡೀ ಹಿಕ್ಕೆಯ ವಾಸನೆ ಸಹಿಸಿಕೊಂಡವರು ಚಿತ್ರದಿಂದ ಮಾತ್ರವಲ್ಲ, ಕಥೆಯಿಂದಲೂ ಅಳಿಸಿಹೋಗುತ್ತಾರೆ.

ಅಂತರರಾಷ್ಟ್ರೀಯ ಛಾಯಾಚಿತ್ರ ಸ್ಪರ್ಧೆಗಳ ನಿಯಮ ಬರೆದವರಿಗೂ ಇದು ಹೊಳೆದಿದೆ. ಅಮೆರಿಕದ ಫೋಟೊಗ್ರಫಿಕ್ ಸೊಸೈಟಿ, ಯುರೋಪಿನಲ್ಲಿ ನೆಲೆಯಿರುವ ಅಂತರರಾಷ್ಟ್ರೀಯ ಒಕ್ಕೂಟ ಫಿಯಾಪ್ ಮತ್ತು ಬ್ರಿಟನ್ನಿನ ರಾಯಲ್ ಫೋಟೊಗ್ರಫಿಕ್ ಸೊಸೈಟಿ ಒಟ್ಟಾಗಿ ಒಪ್ಪಿ, 2015ರಿಂದ ಜಾರಿಗೆ ತಂದ ನಿಸರ್ಗ ಛಾಯಾಗ್ರಹಣದ ವ್ಯಾಖ್ಯಾನ ಎರಡು ಮಾತು ಹೇಳುತ್ತದೆ. ಚಿತ್ರದೊಳಗಿನ ಯಾವ ಅಂಶವನ್ನೂ ಸೇರಿಸುವಂತಿಲ್ಲ, ಸರಿಸುವಂತಿಲ್ಲ, ಅಳಿಸುವಂತಿಲ್ಲ. ಅಂಚು ಕತ್ತರಿಸುವುದಕ್ಕೆ ಮಾತ್ರ ಅನುಮತಿ. ಮನುಷ್ಯರ ಕುರುಹು ಸಾಮಾನ್ಯವಾಗಿ ಇರಕೂಡದು, ಆದರೆ ಮನುಷ್ಯರು ಬದಲಿಸಿದ ಪರಿಸರಕ್ಕೆ ಹೊಂದಿಕೊಂಡು ಬಾಳುವ ಜೀವಿಗಳ ವಿಷಯದಲ್ಲಿ ಇರಬಹುದು. ಈ ವಿನಾಯಿತಿಗೆ ಅವರು ಹೆಸರಿಸಿ ಕೊಟ್ಟಿರುವ ಉದಾಹರಣೆ ಕಣಜದ ಗೂಬೆ ಮತ್ತು ಕೊಕ್ಕರೆ. ಯುರೋಪಿನ ಹಳ್ಳಿಗಳಲ್ಲಿ ಮನೆಯ ಹೊಗೆಗೂಡಿನ ಮೇಲೆ ಗೂಡು ಕಟ್ಟುವ ಬಿಳಿ ಕೊಕ್ಕರೆಗಳು ಅವರ ಕಣ್ಮುಂದೆ ಇದ್ದಿರಬೇಕು. ನಿಯಮ ಮಾತ್ರ ಮದ್ದೂರಿನ ಹುಣಸೆಮರಕ್ಕೂ ಅಷ್ಟೇ ಚೆನ್ನಾಗಿ ಹೊಂದುತ್ತದೆ. ಜಗತ್ತಿನ ಅತಿ ಕಟ್ಟುನಿಟ್ಟಿನ ಸ್ಪರ್ಧೆಗಳೇ ಕೊಕ್ಕರೆಯ ಹಿಂದೆ ಹೆಂಚು ಕಾಣಬಹುದು ಎನ್ನುವಾಗ, ಆ ಹೆಂಚನ್ನು ಅಳಿಸುವ ಅವಸರ ನಮಗೇಕೆ?

ಅಳಿಸಿದ ಜಾಗದಲ್ಲಿ ಏನು ಬರುತ್ತದೆ?

ಅಳಿಸುವುದು ಎಂಬ ಮಾತೇ ನಮ್ಮ ಗಮನವನ್ನು ಅರ್ಧ ಕೆಲಸದ ಮೇಲೆ ಮಾತ್ರ ನಿಲ್ಲಿಸುತ್ತದೆ. ಕಂಬ ತೆಗೆದರೆ ಅಲ್ಲೊಂದು ತೂತು ಉಳಿಯುತ್ತದೆ, ಅದನ್ನು ಏನಾದರೂ ಹಾಕಿ ತುಂಬಲೇಬೇಕು. 1990ರಲ್ಲಿ ಫೋಟೊಶಾಪ್ ಬಂದ ಕಾಲದಲ್ಲಿ ಈ ಕೆಲಸ ಕೈಯಿಂದ ನಡೆಯುತ್ತಿತ್ತು. ಕ್ಲೋನ್ ಸ್ಟ್ಯಾಂಪ್ ಹಿಡಿದು ಪಕ್ಕದ ಆಕಾಶದ ಒಂದು ತುಂಡನ್ನು ಎತ್ತಿ ಕಂಬದ ಮೇಲೆ ಒತ್ತುತ್ತಾ ಹೋಗಬೇಕು. 2002ರಲ್ಲಿ ಬಂದ ಹೀಲಿಂಗ್ ಬ್ರಷ್ ಹಾಗೆ ಒತ್ತಿದ ತುಂಡಿನ ಬಣ್ಣವನ್ನೂ ಬೆಳಕನ್ನೂ ಸುತ್ತಲಿನದಕ್ಕೆ ತಾನೇ ಹೊಂದಿಸಿತು. 2010ರಲ್ಲಿ ಬಂದ ಕಂಟೆಂಟ್ ಅವೇರ್ ಫಿಲ್ ಇನ್ನೂ ಮುಂದೆ ಹೋಗಿ, ಚಿತ್ರದ ಬೇರೆ ಬೇರೆ ಮೂಲೆಗಳಿಂದ ಹೊಂದುವ ಚೂರುಗಳನ್ನು ಹುಡುಕಿ ತಂದು ತೇಪೆ ಹಚ್ಚತೊಡಗಿತು. 2021ರಲ್ಲಿ ಗೂಗಲ್ ಪಿಕ್ಸೆಲ್ ಫೋನಿನ ಮ್ಯಾಜಿಕ್ ಇರೇಸರ್ ಇದನ್ನು ಸ್ಟುಡಿಯೊದಿಂದ ಜೇಬಿಗೆ ಇಳಿಸಿತು. 2023ರಲ್ಲಿ ಫೋಟೊಶಾಪಿಗೆ ಬಂದ ಜನರೇಟಿವ್ ಫಿಲ್ ಬೇರೆಯದೇ ಜಾತಿಯ ಸಾಧನ. ಅದು ತೂತು ತುಂಬಲು ನಿಮ್ಮ ಚಿತ್ರದಲ್ಲಿ ಇರುವುದನ್ನಷ್ಟೇ ನೆಚ್ಚಿಕೊಳ್ಳುವುದಿಲ್ಲ. ಲಕ್ಷಾಂತರ ಬೇರೆ ಚಿತ್ರಗಳಿಂದ ಕಲಿತದ್ದರ ಆಧಾರದ ಮೇಲೆ, ಅಲ್ಲಿ ಏನಿದ್ದರೆ ನಂಬುವಂತಿರುತ್ತದೋ ಅದನ್ನು ಹೊಸದಾಗಿ ಬರೆಯುತ್ತದೆ.

ಬರಿಯ ಆಕಾಶದ ಮುಂದಿನ ವೈರಾದರೆ ನಷ್ಟ ಕಡಿಮೆ. ಮರದ ಮುಂದಿನ ಕಂಬವಾದರೆ ಹಾಗಲ್ಲ. ಕಂಬದ ಹಿಂದೆ ಒಂದು ಗೂಡು ಇತ್ತೋ, ಖಾಲಿ ಕೊಂಬೆ ಇತ್ತೋ, ಒಣಗಿದ ರೆಂಬೆ ಇತ್ತೋ ಎಂಬುದು ಸಾಫ್ಟ್‌ವೇರಿಗೆ ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಇಲ್ಲ. ಅದು ಪಕ್ಕದ ಗೂಡಿನ ಕಡ್ಡಿಗಳನ್ನೇ ನಕಲು ಮಾಡಿ ಇನ್ನೊಂದು ಗೂಡು ಕಟ್ಟಬಹುದು, ಇದ್ದ ಗೂಡನ್ನು ಎಲೆಯಿಂದ ಮುಚ್ಚಬಹುದು. ನೋಡುವವರಿಗೆ ಎರಡೂ ಸಮಾನವಾಗಿ ನಿಜವೆಂದೇ ತೋರುತ್ತವೆ. ಒಂದು ಮರದಲ್ಲಿ ಎಷ್ಟು ಗೂಡುಗಳಿದ್ದವು, ಯಾವ ಮರ ಒಣಗತೊಡಗಿತ್ತು, ಹಕ್ಕಿಗಳು ಯಾವ ವರ್ಷ ಯಾವ ಕೊಂಬೆ ಬಿಟ್ಟುಹೋದವು ಎಂಬುದನ್ನು ಮುಂದೊಂದು ದಿನ ಹಳೆಯ ಫೋಟೊಗಳಿಂದ ತಿಳಿಯಬಯಸುವವರಿಗೆ ಈ ಚಿತ್ರ ಉಪಯೋಗಕ್ಕೆ ಬರುವುದಿಲ್ಲ; ದಾರಿಯನ್ನೇ ತಪ್ಪಿಸುತ್ತದೆ. ಇನ್ನು ವೈರಿನ ವಿಷಯ. ಅಗಲ ರೆಕ್ಕೆಯ ದೊಡ್ಡ ಹಕ್ಕಿಗಳಿಗೆ ವಿದ್ಯುತ್ ತಂತಿ ಸಾವಿನ ಕುಣಿಕೆ. ರಾಜಸ್ಥಾನ, ಗುಜರಾತುಗಳಲ್ಲಿ ಅಳಿವಿನ ಅಂಚಿಗೆ ಬಂದಿರುವ ಎರ್ಲಡ್ಡು ಹಕ್ಕಿ ತಂತಿಗೆ ಬಡಿದು ಸಾಯುತ್ತಿರುವ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು, ತಂತಿಗಳನ್ನು ನೆಲದಡಿಗೆ ಇಳಿಸುವ ಬಗ್ಗೆ 2021ರಲ್ಲಿ ಕೋರ್ಟು ಆದೇಶ ಮಾಡಿತು, 2024ರಲ್ಲಿ ಅದನ್ನು ಮಾರ್ಪಡಿಸಿತು. ಛಾಯಾಗ್ರಾಹಕರಿಗೆ ಮೊದಲು ಬೇಡವೆನಿಸುವ ಗೆರೆ, ಹಕ್ಕಿಯ ಬದುಕಿನ ಮಟ್ಟಿಗೆ ಆ ಚಿತ್ರದ ಅತಿ ಮುಖ್ಯ ಗೆರೆಯಾಗಿರಬಹುದು.

ಹಂಪಿಯ ಇಟ್ಟಿಗೆ ಗೋಪುರ

ಇವತ್ತು ಬೇಡವಾದದ್ದು ನಾಳೆ ಬೇಕಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ದೊಡ್ಡ ಸಾಕ್ಷಿಯಿದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ದೊಡ್ಡ ಕ್ಯಾಮೆರಾ ಹೊತ್ತು ಹಂಪಿಗೆ ಬಂದು, ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆ ಅಲ್ಲಿನ ಅವಶೇಷಗಳ ಚಿತ್ರ ತೆಗೆದರು. ಅವುಗಳಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥದ ಚಿತ್ರವೂ ಇದೆ. ಈಗ ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿ ನಾವೆಲ್ಲ ನೋಡುವ ರಥದ ಮೇಲೆ ಗೋಪುರವಿಲ್ಲ. ಗ್ರೀನ್‌ಲಾ ತೆಗೆದ ಚಿತ್ರದಲ್ಲಿ ಇದೆ. ಇಟ್ಟಿಗೆಯಲ್ಲಿ ಕಟ್ಟಿದ ಶಿಖರವೊಂದು ಶಿಥಿಲಗೊಂಡ ಸ್ಥಿತಿಯಲ್ಲಿ ರಥದ ನೆತ್ತಿಯ ಮೇಲೆ ನಿಂತಿದೆ. ಕಲ್ಲಿನ ಕೆತ್ತನೆಯ ನಾಜೂಕನ್ನು ತೋರಿಸಬೇಕೆಂದು ಹೊರಟವರ ಕಣ್ಣಿಗೆ ಆ ಪಾಳು ಇಟ್ಟಿಗೆ ಅಂದಗೇಡಿಯಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಅದನ್ನು ಅಳಿಸುವ ಸಲಕರಣೆ ಅವತ್ತು ಸುಲಭಕ್ಕೆ ಕೈಗೆ ಸಿಗುವಂತಿದ್ದು, ಅಳಿಸಿಬಿಟ್ಟಿದ್ದರೆ, ಕಲ್ಲಿನ ರಥದ ಪೂರ್ಣ ರೂಪ ಹೇಗಿತ್ತೆಂಬುದಕ್ಕೆ ಕಣ್ಣೆದುರಿನ ಆಧಾರವೊಂದು ತಪ್ಪಿಹೋಗುತ್ತಿತ್ತು. ಸುಮಾರು ನೂರಿಪ್ಪತ್ತೈದು ವರ್ಷಗಳ ಮೇಲೆ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೊಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದಾಗ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಏನು ಬಿತ್ತು, ಏನು ಉಳಿಯಿತು ಎಂದು ಓದಲು ಸಾಧ್ಯವಾಯಿತು. ಹಳೆಯ ಚಿತ್ರದಲ್ಲಿ ಎಲ್ಲವೂ ಇದ್ದಂತೆಯೇ ಇದ್ದದ್ದರಿಂದಲೇ ಈ ಓದು ಸಾಧ್ಯವಾದದ್ದು.

ಮಂಡ್ಯ ಜಿಲ್ಲೆಯ ಇವತ್ತಿನ ಚಿತ್ರಗಳಿಗೂ ಇದೇ ಮಾತು ಸಲ್ಲುತ್ತದೆ. ಕಬ್ಬಿನ ಗದ್ದೆಯ ಬದುವಿನಲ್ಲೋ ನಾಲೆಯ ಏರಿಯ ಮೇಲೋ ಮದುವೆಗೆ ಮುಂಚಿನ ಫೋಟೊಶೂಟ್ ಈಗ ಎಲ್ಲ ಕಡೆಯೂ ನಡೆಯುತ್ತದೆ. ಜೋಡಿಯ ಹಿಂದೆ ಕಬ್ಬು ತುಂಬಿದ ಟ್ರ್ಯಾಕ್ಟರ್, ಆಲೆಮನೆಯ ಹೊಗೆ, ಕೊಪ್ಪದ ಕಡೆಯಾದರೆ ಸಕ್ಕರೆ ಕಾರ್ಖಾನೆಯ ಚಿಮಣಿ ಬಂದಿದ್ದರೆ ಅಳಿಸುತ್ತಾರೆ. ಅದು ಆ ಜೋಡಿಯ ಹಕ್ಕು, ಅವರ ಸಂತೋಷದ ಚಿತ್ರ. ಹಾಗಿದ್ದೂ ಮೂವತ್ತು ವರ್ಷದ ಮೇಲೆ ಅವರ ಮಕ್ಕಳಿಗೆ ಆ ಆಲೆಮನೆ ಎಲ್ಲಿತ್ತು, ಆ ಗಾಡಿ ಹೇಗಿತ್ತು ಎಂಬ ಕುತೂಹಲ ಹುಟ್ಟಬಹುದು. ಬೆಲ್ಲದ ಸೀಮೆಯ ದಿನನಿತ್ಯದ ಬದುಕನ್ನು ದಾಖಲಿಸಲೆಂದೇ ಹೊರಟವರು ಯಾವಾಗಲೂ ಕಡಿಮೆ. ಅದು ದಾಖಲಾಗುವುದು ಹೆಚ್ಚಾಗಿ ಬೇರೆ ಯಾವುದಕ್ಕೋ ತೆಗೆದ ಫೋಟೊಗಳ ಹಿನ್ನೆಲೆಯಲ್ಲೇ. ಹಿನ್ನೆಲೆಯನ್ನೆಲ್ಲ ಒರೆಸಿಹಾಕುವ ರೂಢಿ ಬೆಳೆದರೆ ಒಂದು ತಲೆಮಾರಿನ ಊರು, ಕೇರಿ, ಕಸುಬು ಚಿತ್ರಗಳಿಂದ ಖಾಲಿಯಾಗುತ್ತವೆ.

ಆಕ್ಷೇಪಗಳಿಗೆ ಉತ್ತರ

ಇದಕ್ಕೆ ಮೊದಲ ಆಕ್ಷೇಪ ಛಾಯಾಗ್ರಾಹಕರಿಂದಲೇ ಬರುತ್ತದೆ. ಕ್ಯಾಮೆರಾ ಯಾವತ್ತು ಪೂರ್ತಿ ಸತ್ಯ ಹೇಳಿದೆ? ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಕಂಬವನ್ನು ಮರದ ಮರೆಗೆ ತಂದರೆ, ಅಂಚು ಕತ್ತರಿಸಿ ಹೊರಗಿಟ್ಟರೆ, ಹಿನ್ನೆಲೆಯನ್ನು ಮಸುಕು ಮಾಡಿದರೆ ಅದೂ ಅಳಿಸಿದಂತೆಯೇ ಅಲ್ಲವೇ ಎಂದು ಕೇಳುತ್ತಾರೆ. ಪ್ರಶ್ನೆಯಲ್ಲಿ ಹುರುಳಿದೆ. ಚಿತ್ರವೆಂದರೆ ಆಯ್ಕೆ, ಅದರಲ್ಲಿ ಅನುಮಾನವಿಲ್ಲ. ಆದರೆ ಫ್ರೇಮಿನ ಅಂಚು ಎಲ್ಲರ ಕಣ್ಣಿಗೂ ಕಾಣುವ ಅಂಚು. ಅದರಾಚೆಗೂ ಲೋಕವಿದೆ, ಅದನ್ನು ನನಗೆ ತೋರಿಸಿಲ್ಲ ಎಂದು ನೋಡುವವರಿಗೆ ಗೊತ್ತಿರುತ್ತದೆ. ಅಂಚಿನೊಳಗೆ ಅಳಿಸಿದಾಗ ಚಿತ್ರ ಬೇರೆ ಮಾತು ಆಡುತ್ತದೆ: ಇಲ್ಲಿ ನೋಡಿದೆ, ಇಲ್ಲಿ ಏನೂ ಇರಲಿಲ್ಲ ಎನ್ನುತ್ತದೆ. ಹೇಳದೆ ಬಿಡುವುದಕ್ಕೂ ಇರಲಿಲ್ಲ ಎಂದು ಹೇಳುವುದಕ್ಕೂ ಇರುವ ಅಂತರ ಇದು. ಹಳ್ಳಿಯ ನ್ಯಾಯಪಂಚಾಯ್ತಿಯಲ್ಲೂ ಈ ಎರಡನ್ನು ಯಾರೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ನಯವಾದದ್ದು. ನಾನು ನೋಡುವಾಗ ಹಕ್ಕಿಯನ್ನೇ ನೋಡಿದೆ, ವೈರು ನನ್ನ ಮನಸ್ಸಿಗೆ ಬರಲೇ ಇಲ್ಲ. ಅಳಿಸಿದ ಚಿತ್ರವೇ ನನ್ನ ಅನುಭವಕ್ಕೆ ಹತ್ತಿರ ಎನ್ನುವವರಿದ್ದಾರೆ. ಅವರ ಅನುಭವವನ್ನು ಪ್ರಶ್ನಿಸುವ ಅಗತ್ಯವಿಲ್ಲ. ಅನುಭವವನ್ನು ಚಿತ್ರಿಸುವ ಕಲೆಗೆ ಸ್ಪರ್ಧೆಗಳಲ್ಲೂ ಪ್ರತ್ಯೇಕ ವಿಭಾಗಗಳಿವೆ, ಅಲ್ಲಿ ಅಳಿಸಬಹುದು, ಸೇರಿಸಬಹುದು, ಬಣ್ಣ ಬದಲಿಸಬಹುದು. ಅವರು ಕೊಡಬೇಕಾದದ್ದು ಒಂದು ಸಾಲಿನ ವಿವರಣೆ ಮಾತ್ರ. ಅದನ್ನು ಕೊಡದಿದ್ದರೆ ಏನಾಗುತ್ತದೆಂದು ಸ್ಟೀವ್ ಮೆಕರಿ ಪ್ರಕರಣ ತೋರಿಸಿತು. ಭಾರತದ ಬದುಕನ್ನು ದಶಕಗಳ ಕಾಲ ಜಗತ್ತಿಗೆ ತೋರಿಸಿದ ಪ್ರಸಿದ್ಧ ಛಾಯಾಗ್ರಾಹಕರು ಅವರು. 2016ರಲ್ಲಿ ಇಟಲಿಯ ಪ್ರದರ್ಶನದಲ್ಲಿದ್ದ ಅವರ ಕ್ಯೂಬಾದ ಚಿತ್ರವೊಂದರಲ್ಲಿ, ಸರಿಸಿದ ಕಂಬವೊಂದರ ತುಂಡು ಅಲ್ಲೇ ಉಳಿದಿದ್ದನ್ನು ನೋಡುಗರೊಬ್ಬರು ಗುರುತಿಸಿದರು. ಆಮೇಲೆ ಹುಡುಕಿದಾಗ ಭಾರತ ಉಪಖಂಡದ ಚಿತ್ರಗಳಲ್ಲೂ ಮನುಷ್ಯರು, ವಸ್ತುಗಳು ಮಾಯವಾಗಿದ್ದು ಕಂಡಿತು. ತಾನು ಚಿತ್ರಗಳ ಮೂಲಕ ಕಥೆ ಹೇಳುವವನು ಎಂದು ಅವರು ಸಮಜಾಯಿಷಿ ಕೊಟ್ಟರು. ಅದನ್ನು ಮೊದಲೇ ಹೇಳಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ. ಸುದ್ದಿ ಮತ್ತು ದಾಖಲೆಯ ಚಿತ್ರಗಳೆಂದು ನಂಬಿ ನೋಡಿದವರಿಗೆ ಅದು ತಡವಾಗಿ ಬಂದ ಮಾತಾಗಿತ್ತು.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಕಠೋರತೆ ಬೇಕೇ ಎಂಬುದು ಮೂರನೆಯ ಆಕ್ಷೇಪ. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಗೆ ಸಿರಿಯಾದ ಯುದ್ಧದ ಚಿತ್ರ ತೆಗೆಯುತ್ತಿದ್ದ ನಾರ್ಸಿಸೊ ಕಾಂಟ್ರೆರಾಸ್, 2013ರ ಒಂದು ಚಿತ್ರದ ಮೂಲೆಯಲ್ಲಿ ಬಿದ್ದಿದ್ದ ಸಹೋದ್ಯೋಗಿಯ ವಿಡಿಯೊ ಕ್ಯಾಮೆರಾವನ್ನು ಅಳಿಸಿ, ಪಕ್ಕದ ಮಣ್ಣನ್ನು ಅಲ್ಲಿಗೆ ಹಚ್ಚಿದ್ದರು. ಅದೇ ವರ್ಷ ಪುಲಿಟ್ಜರ್ ಪ್ರಶಸ್ತಿ ಪಡೆದ ತಂಡದಲ್ಲಿದ್ದವರು ಅವರು. ವಿಷಯ ಗೊತ್ತಾದಾಗ ಸಂಸ್ಥೆ ಅವರ ಸುಮಾರು 500 ಚಿತ್ರಗಳನ್ನು ಪರಿಶೀಲಿಸಿತು. ಬೇರೆ ಯಾವುದರಲ್ಲೂ ಹಸ್ತಕ್ಷೇಪ ಕಾಣಲಿಲ್ಲ. ಆದರೂ 2014ರ ಜನವರಿಯಲ್ಲಿ ಅವರ ಜೊತೆಗಿನ ಸಂಬಂಧ ಕಡಿದುಕೊಂಡಿತು. ಒಂದು ಮೂಲೆಯ ಕ್ಯಾಮೆರಾಕ್ಕೆ ಇಷ್ಟು ದೊಡ್ಡ ಶಿಕ್ಷೆಯೇ ಎನಿಸಬಹುದು. ಆದರೆ ಆ ಕ್ಯಾಮೆರಾ ಹೇಳುತ್ತಿದ್ದ ಮಾತು ಸಣ್ಣದಾಗಿರಲಿಲ್ಲ. ಚಿತ್ರದಲ್ಲಿದ್ದ ಹೋರಾಟಗಾರನ ಪಕ್ಕದಲ್ಲೇ ಪತ್ರಕರ್ತರಿದ್ದರು, ಅವನಿಗೆ ತನ್ನನ್ನು ನೋಡುತ್ತಿದ್ದಾರೆಂದು ಗೊತ್ತಿತ್ತು ಎಂಬ ಸುಳಿವು ಅದರಲ್ಲಿತ್ತು. ಸಂಸ್ಥೆಯ ಲೆಕ್ಕಾಚಾರ ಸರಳ. ಓದುಗರು ಒಂದೊಂದು ಚಿತ್ರವನ್ನೂ ಪರೀಕ್ಷಿಸಲಾರರು, ನಂಬಿ ನೋಡುತ್ತಾರೆ. ಒಂದರಲ್ಲಿ ಮಣ್ಣು ಹಚ್ಚಿದ್ದು ಗೊತ್ತಾದರೆ ಉಳಿದೆಲ್ಲದರ ಮೇಲೂ ಸಂಶಯ ಹುಟ್ಟುತ್ತದೆ.

ನಾಲ್ಕನೆಯದು ಹಕ್ಕಿಯ ಹಿತದ ಹೆಸರಿನಲ್ಲೇ ಬರುವ ಆಕ್ಷೇಪ. ಫಿಲ್ಮಿನ ಕಾಲದಲ್ಲಿ ಗೂಡಿನ ಚಿತ್ರ ತೆಗೆಯುವಾಗ ಅಡ್ಡ ಬಂದ ರೆಂಬೆ, ಎಲೆಗಳನ್ನು ಕತ್ತರಿಸಿಯೋ ಬದಿಗೆ ಕಟ್ಟಿಯೋ ಜಾಗ ಮಾಡಿಕೊಳ್ಳುವವರಿದ್ದರು. ಮರೆ ಹೋದ ಗೂಡಿನ ಮರಿಗಳಿಗೆ ಬಿಸಿಲು ತಾಗುತ್ತಿತ್ತು, ಕಾಗೆಗಳಿಗೆ ಗುರುತು ಸಿಗುತ್ತಿತ್ತು. ಕಂಪ್ಯೂಟರಿನಲ್ಲಿ ರೆಂಬೆ ಅಳಿಸುವುದು ಇದಕ್ಕಿಂತ ಎಷ್ಟೋ ವಾಸಿ ಎಂಬುದು ವಾದ. ಮರದ ಮೇಲೆ ಕತ್ತರಿ ಆಡಿಸುವುದಕ್ಕಿಂತ ಚಿತ್ರದ ಮೇಲೆ ಬ್ರಷ್ ಆಡಿಸುವುದು ಖಂಡಿತ ಮೇಲು. ಆದರೆ ಇವೆರಡೇ ದಾರಿಗಳೆಂದು ಯಾಕೆ ಒಪ್ಪಬೇಕು? ರೆಂಬೆ ಅಡ್ಡ ಇರುವ ಚಿತ್ರವನ್ನೇ ಒಳ್ಳೆಯ ಚಿತ್ರವೆಂದು ಒಪ್ಪುವ ಮೂರನೆಯ ದಾರಿ ಇದೆ. ಗೂಡಿನ ಚಿತ್ರಗಳ ಬಗ್ಗೆ ನಮ್ಮ ಛಾಯಾಗ್ರಾಹಕರ ವಲಯದಲ್ಲಿ ಆಗಲೇ ಅಂಥದೊಂದು ಬದಲಾವಣೆ ಬಂದಿದೆ. ಹಿಂದೆ ಮೆಚ್ಚುಗೆ ಗಳಿಸುತ್ತಿದ್ದ ಗೂಡಿನ ಚಿತ್ರಗಳನ್ನು ಈಗ ದೇಶದ ಹಲವು ಸ್ಪರ್ಧೆಗಳು, ಬಳಗಗಳು ಸ್ವೀಕರಿಸುವುದೇ ಇಲ್ಲ. ಅಭಿರುಚಿ ಬದಲಾಗಬಲ್ಲದು, ಬದಲಾದಾಗ ಹಕ್ಕಿಗೂ ಒಳ್ಳೆಯದಾಗುತ್ತದೆ. ಎಲೆಯ ಮರೆಯಲ್ಲಿ ಅರ್ಧ ಕಾಣುವ ಮರಿ, ಹೆಂಚಿನ ಮೇಲೆ ನೆರಳು ಚೆಲ್ಲಿ ಇಳಿಯುವ ಕೊಕ್ಕರೆ ನಮಗೆ ಸುಂದರವಾಗಿ ಕಾಣತೊಡಗಿದರೆ ಅಳಿಸುವ ಆಸೆಯೇ ಕಡಿಮೆಯಾಗುತ್ತದೆ.

ಐದನೆಯ ಆಕ್ಷೇಪಕ್ಕೆ ನಾನು ತಲೆಬಾಗುತ್ತೇನೆ. ದಾರಿಹೋಕರ ಮುಖ, ಮಗುವಿನ ಮುಖ, ವಾಹನದ ನಂಬರು ಚಿತ್ರದಲ್ಲಿ ಬಂದಿದ್ದರೆ, ಅವರ ಖಾಸಗಿತನ ಉಳಿಸಲು ಅದನ್ನು ಮರೆಮಾಡಲೇಬೇಕು. ಅಲ್ಲಿಯೂ ಮಸುಕು ಮಾಡುವುದು ಅಳಿಸುವುದಕ್ಕಿಂತ ಪ್ರಾಮಾಣಿಕ. ಮಸುಕು ಮಾಡಿದಾಗ ಇಲ್ಲೊಬ್ಬರು ಇದ್ದಾರೆ, ಅವರನ್ನು ಕಾಪಾಡಲು ಮರೆಮಾಡಿದ್ದೇವೆ ಎಂದು ಚಿತ್ರವೇ ಹೇಳುತ್ತದೆ. ಅಳಿಸಿದರೆ ಮರೆಮಾಡಿದ್ದೂ ಮರೆಯಾಗುತ್ತದೆ. ಸೋವಿಯತ್ ಒಕ್ಕೂಟದಲ್ಲಿ ಸ್ಟಾಲಿನ್ ಪಕ್ಕದಲ್ಲಿ ಕಾಲುವೆಯ ದಂಡೆಯ ಮೇಲೆ ನಡೆಯುತ್ತಿದ್ದ ನಿಕೊಲಾಯ್ ಯೆಜೋವ್, 1940ರಲ್ಲಿ ಮರಣದಂಡನೆಗೆ ಗುರಿಯಾದವನು, ಫೋಟೊದಿಂದಲೂ ಮಾಯವಾದ. ಅವನಿದ್ದ ಜಾಗದಲ್ಲಿ ಬರಿಯ ನೀರು ಉಳಿಯಿತು. ಮೂಲ ಫೋಟೊ ಎಲ್ಲೋ ಉಳಿದುಕೊಂಡಿದ್ದರಿಂದ ಮಾತ್ರ ಈ ಕಥೆ ನಮಗೆ ಗೊತ್ತು.

ಮೂಲ ಉಳಿಯಲಿ

ಸರ್ಕಾರಿ ಕೆಲಸದಲ್ಲಿ ಈ ವಿವೇಕ ಇನ್ನೂ ಜರೂರು. 2020ರಿಂದ ಕರ್ನಾಟಕದ ರೈತರು ತಮ್ಮ ಬೆಳೆಯ ವಿವರವನ್ನು ಫೋಟೊ ಸಮೇತ ಮೊಬೈಲ್ ಆ್ಯಪ್ ಮೂಲಕ ತಾವೇ ದಾಖಲಿಸುತ್ತಿದ್ದಾರೆ. ಸರ್ವೆ ನಂಬರಿನ ಗದ್ದೆಯಲ್ಲಿ ಕಬ್ಬಿದೆಯೋ ಭತ್ತವಿದೆಯೋ ಎಂಬುದಕ್ಕೆ ಆ ಚಿತ್ರವೇ ಆಧಾರ. ರಸ್ತೆ ಕಾಮಗಾರಿ, ಬೆಳೆ ನಷ್ಟ, ಬಿದ್ದ ಮನೆ, ಎಲ್ಲಕ್ಕೂ ಈಗ ಫೋಟೊ ಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವು ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಕೊಡಬೇಕಾದ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯವನ್ನು ನಮೂದಿಸಲು ಕೇಳುತ್ತದೆ. ಹ್ಯಾಶ್ ಎಂದರೆ ಆ ಕಡತದಿಂದಲೇ ಲೆಕ್ಕ ಹಾಕಿ ತೆಗೆಯುವ ಗುರುತು. ಚಿತ್ರದ ಒಂದೇ ಒಂದು ಚುಕ್ಕೆ ಬದಲಾದರೂ ಗುರುತು ಬದಲಾಗುತ್ತದೆ. ಅಂದದ ಕಾರಣಕ್ಕೆ ಕಂಬ ಅಳಿಸಿದರೂ ಮೋಸದ ಕಾರಣಕ್ಕೆ ಗಡಿಕಲ್ಲು ಅಳಿಸಿದರೂ ಹ್ಯಾಶ್ ಅದನ್ನು ಒಂದೇ ರೀತಿ ಹಿಡಿಯುತ್ತದೆ. ನಮ್ಮ ಮನೆಯ ಚಿತ್ರಗಳಿಗೆ ಇಷ್ಟು ಬಿಗಿ ಬೇಕಿಲ್ಲ. ಆದರೆ ಇವತ್ತು ನೆನಪಿಗೆಂದು ತೆಗೆದದ್ದು ನಾಳೆ ಆಸ್ತಿ ಭಾಗದ ವ್ಯಾಜ್ಯದಲ್ಲೋ ವಿಮೆಯ ಅರ್ಜಿಯಲ್ಲೋ ಸಾಕ್ಷಿಯಾಗಬಹುದು ಎಂಬ ಎಚ್ಚರ ಇರಬೇಕು.

ಸಾಧನ ಎಲ್ಲರ ಕೈಯಲ್ಲಿದೆ, ಅದನ್ನು ಕಿತ್ತುಕೊಳ್ಳಲಾಗದು, ಕಿತ್ತುಕೊಳ್ಳಬೇಕಾಗಿಯೂ ಇಲ್ಲ. ಬೇಕಾದದ್ದು ಮೂರೇ ರೂಢಿಗಳು. ಮೊದಲನೆಯದು, ಮೂಲ ಚಿತ್ರವನ್ನು ಎಂದೂ ಕಳೆಯದಿರುವುದು. ಎಡಿಟ್ ಮಾಡುವ ಮುನ್ನ ಒಂದು ಪ್ರತಿ ಬೇರೆಯಾಗಿ ಉಳಿಸಿಕೊಳ್ಳುವುದಕ್ಕೆ ಖರ್ಚಿಲ್ಲ. ಕೊಪ್ಪದ ಸ್ಟುಡಿಯೊದಲ್ಲಿ ಅಜ್ಜನ ಪಟ ಮಾಡಿಸುವ ಮನೆಯವರೂ ಆ ಮದುವೆಯ ಗ್ರೂಪ್ ಫೋಟೊವನ್ನು ವಾಪಸು ಪಡೆದು ಜೋಪಾನ ಮಾಡಬೇಕು. ಅಜ್ಜ ಯಾರ ಪಕ್ಕ ನಿಂತಿದ್ದರು, ಯಾವ ಅಂಗಿ ತೊಟ್ಟಿದ್ದರು ಎಂಬುದು ಅದರಲ್ಲಿ ಮಾತ್ರ ಇದೆ. ಎರಡನೆಯದು, ಅಳಿಸಿದ ಚಿತ್ರವನ್ನು ಹೊರಗೆ ಹಂಚುವಾಗ ಅಳಿಸಿದ್ದೇನೆ ಎಂದು ಹೇಳುವುದು. ಪತ್ರಿಕೆ, ಪ್ರವಾಸೋದ್ಯಮದ ಜಾಹೀರಾತು, ಕ್ಯಾಲೆಂಡರು, ಸ್ಪರ್ಧೆ ಎಲ್ಲಕ್ಕೂ ಇದು ಅನ್ವಯಿಸಲಿ. ಶಿವನಸಮುದ್ರದ ಜಲಪಾತದ ಮುಂದಿನ ಪ್ಲಾಸ್ಟಿಕ್ ರಾಶಿಯನ್ನು ಚಿತ್ರದಿಂದ ತೆಗೆದರೆ ಅದು ನೆಲದ ಮೇಲೆ ಇನ್ನಷ್ಟು ದಿನ ಉಳಿಯುತ್ತದೆ, ಯಾಕೆಂದರೆ ತೆಗೆಯಬೇಕಾದವರ ಕಣ್ಣಿಗೂ ಅದು ಬೀಳುವುದಿಲ್ಲ. ಮೂರನೆಯದು, ಅಳಿಸುವ ಮುನ್ನ ಒಂದು ಕ್ಷಣ ಆ ವಸ್ತುವನ್ನು ಸರಿಯಾಗಿ ನೋಡುವುದು. ಅದು ಅಲ್ಲಿ ಯಾಕಿದೆ, ಅದಿಲ್ಲದಿದ್ದರೆ ಈ ಚಿತ್ರ ಸಿಗುತ್ತಿತ್ತೇ ಎಂದು ಕೇಳಿಕೊಳ್ಳುವುದು.

ಈ ಕೊನೆಯ ಪ್ರಶ್ನೆಗೆ ಕೊಕ್ಕರೆ ಬೆಳ್ಳೂರಿನಲ್ಲಿ ಸಿಗುವ ಉತ್ತರ ಸ್ಪಷ್ಟ. ಆ ಮನೆ ಅಲ್ಲಿರುವುದರಿಂದ ಆ ಮರ ಉಳಿದಿದೆ, ಮರ ಉಳಿದಿರುವುದರಿಂದ ಗೂಡು ಇದೆ. ಹೆಂಚು, ಕೊಟ್ಟಿಗೆ, ಒಣಹಾಕಿದ ಸೀರೆಯನ್ನು ಚಿತ್ರದಲ್ಲಿ ಉಳಿಸಿಕೊಳ್ಳುವುದು ಛಾಯಾಗ್ರಾಹಕರು ಊರಿಗೆ ಮಾಡುವ ಉಪಕಾರವಲ್ಲ, ಊರಿನ ಋಣವನ್ನು ಒಪ್ಪಿಕೊಳ್ಳುವ ರೀತಿ. ಬರುವ ಗೂಡಿನ ಕಾಲದಲ್ಲಿ ಅಲ್ಲಿಗೆ ಕ್ಯಾಮೆರಾ ಹಿಡಿದು ಹೋಗುವವರು ಹಕ್ಕಿಯ ಜೊತೆ ಮನೆಯೂ ಕಾಣುವ ಒಂದು ಚಿತ್ರವನ್ನಾದರೂ ತೆಗೆಯಲಿ, ಅಳಿಸದೆ ಹಂಚಲಿ, ಅದರ ಕೆಳಗೆ ಊರಿನ ಹೆಸರು ಬರೆಯಲಿ. ನಮ್ಮ ಪತ್ರಿಕೆಗಳು, ಅರಣ್ಯ ಇಲಾಖೆ, ಪ್ರವಾಸೋದ್ಯಮ ಇಲಾಖೆ ಅಂಥ ಚಿತ್ರಗಳನ್ನೇ ಕೇಳಿ ಪಡೆಯಲಿ. ಜನ ಮತ್ತು ಹಕ್ಕಿ ಒಂದೇ ಮರದಡಿ ಬಾಳಬಹುದೆಂದು ನಂಬದವರಿಗೆ ತೋರಿಸಲು ನಮ್ಮ ಬಳಿ ಇರುವ ಗಟ್ಟಿ ಪುರಾವೆಗಳಲ್ಲಿ ಅದೂ ಒಂದು. ಅದನ್ನು ನಮ್ಮ ಕೈಯಾರೆ ಒರೆಸಿಹಾಕಬಾರದು.